ಸುಳ್ಳು ಸೈರನ್‌ನಿಂದ ಜನರಿಗೆ ಧೈರ್ಯ ಬರುವುದಿಲ್ಲ

ಮಾನ್ಯ ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬ ಹಿರಿಯರ ಪತ್ರ ಬಂದಿತ್ತು. ಯುದ್ಧದ ಹೊತ್ತಿನಲ್ಲಿ ಸಿನಿಮಾ ಆಗಲಿ ಟಿವಿ ಆಗಲಿ ನಮ್ಮ ಗೆಲುವನ್ನಷ್ಟೇ ತೋರಿಸಬೇಕು, ಅದರಲ್ಲಿ ಒಂದಿಷ್ಟು ಸುಳ್ಳು ಬೆರೆತರೂ ತಪ್ಪಿಲ್ಲ, ಜನರ ಧೈರ್ಯ ಕುಗ್ಗದಿದ್ದರೆ ಸಾಕು ಅಂತ ಬರೆದಿದ್ದರು. ಅವರ ದೇಶಪ್ರೇಮದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಸುಳ್ಳು ಬೆರೆಸಿದ ಚಿತ್ರದಿಂದ ಜನರ ಧೈರ್ಯ ಹೆಚ್ಚುವುದಿಲ್ಲ, ಇದ್ದ ಧೈರ್ಯವೂ ಹೋಗುತ್ತದೆ. ಹಳೆಯ ಯುದ್ಧಗಳ ಸಿನಿಮಾ ನೋಡಿದರೂ ಅದೇ ಕಾಣುತ್ತದೆ, ನಮ್ಮ ಓಣಿಯಲ್ಲಿ ನೋಡಿದರೂ ಅದೇ. ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಅಕ್ಕಲಕೋಟೆಯವನು. ಮದುವೆ, ಜಾತ್ರೆ, ಶಾಲೆಯ ಗ್ಯಾದರಿಂಗ್ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಸೇರಿ ಮೂರೂ. ಹಾಗಾಗಿ ಒಂದೇ ಸುದ್ದಿಯನ್ನು ಮೂರು ಭಾಷೆಯ ಚಾನೆಲ್‌ಗಳು ಹೇಗೆ ಹೇಗೆ ಕಟ್ ಮಾಡುತ್ತವೆ ಅನ್ನೋದು ನಮ್ಮ ಗಡಿ ಭಾಗದವರಿಗೆ ಉಳಿದವರಿಗಿಂತ ಜಾಸ್ತಿ ಗೊತ್ತಾಗುತ್ತದೆ.

ಈ ಕೆಲಸದ ಒಂದು ಸಂಗತಿ ಹೇಳುತ್ತೇನೆ. ಬೇಸಿಗೆ ಮದುವೆ ಅಂದರೆ ನಮ್ಮ ಕಡೆ ಬಿಸಿಲು ಹೇಗಿರುತ್ತದೆ ನಿಮಗೆ ಗೊತ್ತು. ಒಂದು ಮದುವೆಯಲ್ಲಿ ಹುಡುಗಿಯ ಅಪ್ಪ ಸೆಕೆಗೆ ಟವೆಲ್‌ನಿಂದ ಮುಖ ಒರೆಸಿಕೊಳ್ಳುವ ಶಾಟ್ ಇತ್ತು. ಊಟದ ಪಂಗ್ತಿಯ ಹೊತ್ತಿನದು. ಅದನ್ನು ತೆಗೆದು ಮಗಳು ಕಾರು ಹತ್ತುವ ಶಾಟಿನ ಪಕ್ಕ ಇಟ್ಟು, ಸ್ವಲ್ಪ ಸ್ಲೋ ಮಾಡಿ, ಕೆಳಗೆ ಶಹನಾಯಿ ಹಾಕಿದೆ. ಅಪ್ಪ ಅಳುತ್ತಿದ್ದಾನೆ ಅಂತಲೇ ಕಾಣುತ್ತದೆ. ಮನೆಯವರೂ ಹಾಗೇ ನಂಬಿದರು, ನೋಡಿ ಕಣ್ಣೀರು ಹಾಕಿದರು. ಮದುವೆಯಲ್ಲಿ ಇದರಿಂದ ಯಾರಿಗೂ ನಷ್ಟ ಇಲ್ಲ, ಆ ಅಪ್ಪನಿಗೆ ಒಳಗೆ ದುಃಖ ಇದ್ದೇ ಇತ್ತು. ಆದರೆ ಇದೇ ಕೈಕೆಲಸವನ್ನು ಯುದ್ಧದ ಸುದ್ದಿಗೆ ಹಚ್ಚಿದರೆ ಏನಾಗುತ್ತದೆ ಅನ್ನೋದನ್ನು 2025ರ ಮೇ ತಿಂಗಳಲ್ಲಿ ನಾವೆಲ್ಲ ನೋಡಿದೆವು.

ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ನಡೆಯಿತು. ದೇಶವೆಲ್ಲ ಒಂದಾಗಿ ನಿಂತಿತ್ತು, ಯಾರೂ ಯಾರಿಗೂ ಧೈರ್ಯ ಹೇಳಬೇಕಾದ ಸ್ಥಿತಿಯೇ ಇರಲಿಲ್ಲ. ಅಂಥ ಹೊತ್ತಿನಲ್ಲಿ, ಮೇ 8ರ ರಾತ್ರಿ, ಎಷ್ಟೋ ಚಾನೆಲ್‌ಗಳು ಕರಾಚಿ ಬಂದರು ಧ್ವಂಸ ಅಂತ ಕೂಗಿದವು. ಬೆಳಗಾದ ಮೇಲೆ ನೋಡಿದರೆ ಅಂಥದ್ದೇನೂ ಆಗಿರಲಿಲ್ಲ. ಕಂಪ್ಯೂಟರ್ ಗೇಮಿನ ತುಣುಕುಗಳು, ಬೇರೆ ದೇಶದ ಹಳೆಯ ಬಾಂಬ್ ದೃಶ್ಯಗಳು ಯುದ್ಧದ ವಿಡಿಯೊ ಅಂತ ಮೊಬೈಲಿನಿಂದ ಮೊಬೈಲಿಗೆ ಓಡಾಡಿದವು. ಸ್ಟುಡಿಯೊದಲ್ಲಿ ಕೂತವರು ಹಿಂದೆ ವಾಯುದಾಳಿಯ ಸೈರನ್ ಹಾಕಿಕೊಂಡೇ ಸುದ್ದಿ ಓದಿದರು. ಕೊನೆಗೆ ಮೇ 10ರಂದು ಕೇಂದ್ರದ ನಾಗರಿಕ ರಕ್ಷಣಾ ವಿಭಾಗವೇ ಚಾನೆಲ್‌ಗಳಿಗೆ ಹೇಳಬೇಕಾಯಿತು, ಕಾರ್ಯಕ್ರಮದಲ್ಲಿ ಸೈರನ್ ಸದ್ದು ಬಳಸಬೇಡಿ, ಹೀಗೆ ಮಾಡಿದರೆ ನಿಜವಾದ ಸೈರನ್ ಕೂಗಿದಾಗ ಜನ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ.

ನಮ್ಮ ಓಣಿಯಲ್ಲಿ ಒಬ್ಬ ಅವ್ವ ಇದ್ದಾರೆ. ಮಗ ಸೈನ್ಯದಲ್ಲಿದ್ದಾನೆ. ನಮ್ಮ ಭಾಗದ ಹುಡುಗರು ಭರ್ತಿಗೆ ಬೆಳಗಾವಿಗೆ ಹೋಗುವುದು ಹೊಸದಲ್ಲ, ಅಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವೇ ಇದೆ, ಓಣಿಗೆ ಒಬ್ಬರಾದರೂ ಹಾಗೆ ಹೋದವರು ಸಿಗುತ್ತಾರೆ. ಆ ರಾತ್ರಿ ಆ ಅವ್ವ ಟಿವಿ ಆರಿಸಲೇ ಇಲ್ಲ. ಸೈರನ್ ಕೂಗಿದಾಗೆಲ್ಲ ಎದ್ದು ನಿಲ್ಲುತ್ತಿದ್ದರು, ಮತ್ತೆ ಕೂರುತ್ತಿದ್ದರು. ಸೊಸೆ ಸೌಂಡ್ ಕಮ್ಮಿ ಮಾಡಿದರೆ ಬೈದು ಮತ್ತೆ ಏರಿಸುತ್ತಿದ್ದರು. ಕರಾಚಿ ಸುದ್ದಿ ಬಂದಾಗ ಪಕ್ಕದ ಮನೆಯವರು ಪೇಢೆ ತಂದುಕೊಟ್ಟರು, ಅವರು ಕೈಯಲ್ಲೇ ಹಿಡಿದುಕೊಂಡು ಕೂತರು, ಬಾಯಿಗೆ ಹಾಕಲಿಲ್ಲ. ಅಷ್ಟು ದೊಡ್ಡ ಯುದ್ಧ ಆದರೆ ನನ್ನ ಮಗ ಎಲ್ಲಿದ್ದಾನೆ ಅನ್ನೋದಷ್ಟೇ ಅವರ ತಲೆಯಲ್ಲಿ. ಮರುದಿನ ಆ ಸುದ್ದಿ ಸುಳ್ಳು ಅಂತ ತಿಳಿಯಿತು. ಆಮೇಲೆ ಸೈನ್ಯದವರೇ ಬಂದು ಮಾಹಿತಿ ಕೊಡುವಾಗ, ನಮ್ಮ ಬೆಳಗಾವಿ ಜಿಲ್ಲೆಯ ಸೊಸೆ ಕರ್ನಲ್ ಸೋಫಿಯಾ ಖುರೇಷಿ ಸಮಾಧಾನವಾಗಿ, ಲೆಕ್ಕ ಹಿಡಿದು ಹೇಳುವಾಗ, ಆ ಅವ್ವ ಏನಂದರು ಗೊತ್ತಾ? "ಅದೂ ಟಿವಿನೇ ಅಲ್ಲೇನಪ್ಪಾ" ಅಂದರು. ಎದ್ದು ಒಳಗೆ ಹೋದರು.

ನಾನು ಹೇಳಬೇಕಾದ್ದು ಇದನ್ನೇ. ರಾತ್ರಿಯಿಡೀ ಸುಳ್ಳು ಕೇಳಿದ ತಾಯಿಗೆ ಬೆಳಗ್ಗೆ ನಿಜ ಹೇಳಿದರೂ ನಂಬುವ ಶಕ್ತಿ ಉಳಿದಿರಲಿಲ್ಲ. ಅವರಿಗೆ ಸಮಾಧಾನ ಕೊಡಬಹುದಾಗಿದ್ದ ಒಂದೇ ಒಂದು ದನಿ ಅದು. ಅದನ್ನೂ ಕಸಿದುಕೊಂಡದ್ದು ಶತ್ರುವಲ್ಲ, ನಮ್ಮವರೇ.

ಹಿರಿಯರು ತಮ್ಮ ಪತ್ರದಲ್ಲಿ ಹಳೆಯ ಕಾಲದವರು ಹೀಗೆ ಮಾಡಿಯೇ ಯುದ್ಧ ಗೆದ್ದರು ಅಂತಲೂ ಬರೆದಿದ್ದಾರೆ. ಆ ಚರಿತ್ರೆಯನ್ನು ನಾನು ಆಸಕ್ತಿಯಿಂದ ಓದಿದ್ದೇನೆ, ಸಿಕ್ಕ ಚಿತ್ರಗಳನ್ನು ನನ್ನ ಎಡಿಟಿಂಗ್ ಟೇಬಲ್ ಮೇಲೆ ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದ್ದೇನೆ. ಅಲ್ಲಿ ಕಾಣುವುದು ಬೇರೆಯೇ.

1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ನದಿಯ ಹತ್ತಿರ ದೊಡ್ಡ ಕಾಳಗ ಶುರುವಾಯಿತು. ಮೊದಲ ದಿನವೇ ಬ್ರಿಟಿಷ್ ಸೈನ್ಯದ 19 ಸಾವಿರಕ್ಕೂ ಹೆಚ್ಚು ಜನ ಸತ್ತರು. ಜೆಫ್ರಿ ಮಾಲಿನ್ಸ್, ಜಾನ್ ಮೆಕ್‌ಡೊವೆಲ್ ಎಂಬ ಇಬ್ಬರು ಕ್ಯಾಮೆರಾದವರು ಅಲ್ಲಿದ್ದರು. ಅವರು ತೆಗೆದದ್ದನ್ನು ಸೇರಿಸಿ ಆಗಸ್ಟ್ ತಿಂಗಳಲ್ಲೇ, ಕಾಳಗ ಇನ್ನೂ ನಡೆಯುತ್ತಿರುವಾಗಲೇ, 'ಬ್ಯಾಟಲ್ ಆಫ್ ದಿ ಸೋಮ್' ಅಂತ ಥಿಯೇಟರ್‌ಗಳಿಗೆ ಬಿಟ್ಟರು. ಮೊದಲ ಆರು ವಾರದಲ್ಲಿ ಸುಮಾರು 2 ಕೋಟಿ ಟಿಕೆಟ್ ಹೋದವು, ಅಂದರೆ ಹತ್ತಿರ ಹತ್ತಿರ ಆ ದೇಶದ ಅರ್ಧ ಜನಸಂಖ್ಯೆಯಷ್ಟು. ಮಾತಿಲ್ಲದ ಚಿತ್ರ ಅದು. ಅದರಲ್ಲಿ ಒಬ್ಬ ಸೈನಿಕ ಗಾಯಗೊಂಡ ಜೊತೆಗಾರನನ್ನು ಬೆನ್ನ ಮೇಲೆ ಹೊತ್ತು ಕಂದಕದಲ್ಲಿ ನಮ್ಮ ಕಡೆಗೇ ನಡೆದು ಬರುತ್ತಾನೆ, ಬರುತ್ತಾ ಒಂದು ಕ್ಷಣ ಕ್ಯಾಮೆರಾವನ್ನು ನೋಡುತ್ತಾನೆ. ಹಾಗೆ ಹೊತ್ತು ತಂದ ಆ ಗಾಯಾಳು ಸ್ವಲ್ಪ ಹೊತ್ತಿನಲ್ಲೇ ತೀರಿಕೊಂಡ ಅಂತ ಚಿತ್ರದ ಬರಹವೇ ಹೇಳುತ್ತದೆ. ಇಂಥದ್ದನ್ನು ಯುದ್ಧದ ಮಧ್ಯದಲ್ಲೇ ಜನರಿಗೆ ತೋರಿಸಿದರು.

ಆಗಲೂ ವಿರೋಧ ಬಂತು. ಡರ್ಹಮ್‌ನ ದೊಡ್ಡ ಪಾದ್ರಿಯೊಬ್ಬರು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಪತ್ರ ಬರೆದರು, ಮಕ್ಕಳನ್ನು ಕಳೆದುಕೊಂಡವರ ದುಃಖವನ್ನು ಮನರಂಜನೆ ಮಾಡುತ್ತಿದ್ದೀರಿ ಅಂತ ಸಿಟ್ಟಾದರು. ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಅವರಿಗೆ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟವರು ಯಾರು ಅಂದರೆ ಮನೆಯವರನ್ನು ಯುದ್ಧದಲ್ಲಿ ಕಳೆದುಕೊಂಡವರೇ. ನಮ್ಮವರು ಏನು ಅನುಭವಿಸಿದರು ಅನ್ನೋದು ಈ ಚಿತ್ರ ನೋಡಿದ ಮೇಲೇ ನಮಗೆ ತಿಳಿಯಿತು ಅಂತ ಬರೆದರು. ಸಂಪಾದಕರೇ, ನೂರು ವರ್ಷದ ಹಿಂದೆಯೂ ಈ ಜಗಳ ಓದುಗರ ಪುಟದಲ್ಲೇ ನಡೆದಿತ್ತು ನೋಡಿ.

ಆ ಚಿತ್ರದಲ್ಲೂ ಒಂದು ನಾಟಕ ಇದೆ. ಸೈನಿಕರು ಕಂದಕದಿಂದ ಮೇಲೆ ಹತ್ತಿ ಓಡುವುದು, ಒಬ್ಬ ಹತ್ತುವಾಗಲೇ ಜಾರಿ ಬೀಳುವುದು, ಅದು ಮುಂಚೂಣಿಯಿಂದ ಹಿಂದೆ ತರಬೇತಿ ಜಾಗದಲ್ಲಿ ಮಾಡಿಸಿದ ದೃಶ್ಯ. ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ. ದಾಳಿಗೆ ಹೋಗುವವರ ಬೆನ್ನ ಮೇಲೆ ಇರಬೇಕಾದ ಭಾರದ ಚೀಲ ಇಲ್ಲ. ಕ್ಯಾಮೆರಾ ಇಟ್ಟ ಜಾಗ ನಿಜವಾದ ಗುಂಡಿನ ಮಳೆಯಲ್ಲಿ ಯಾರೂ ನಿಲ್ಲಲಾರದ ಜಾಗ. ಇವತ್ತು ಆ ಚಿತ್ರದ ಬಗ್ಗೆ ಮಾತು ಬಂದರೆ ಮೊದಲು ಬರುವುದು ಈ ಕೆಲವು ಸೆಕೆಂಡಿನ ನಾಟಕವೇ. ಜೀವ ಪಣಕ್ಕಿಟ್ಟು ತೆಗೆದ ಉಳಿದ ದೃಶ್ಯಗಳ ಮೇಲೂ ಜನ ಅನುಮಾನ ಪಡುತ್ತಾರೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಇಲ್ಲ.

1940ರಲ್ಲಿ ಲಂಡನ್ ಮೇಲೆ ರಾತ್ರಿ ರಾತ್ರಿ ಬಾಂಬ್ ಬೀಳುವಾಗ ಹ್ಯಾರಿ ವ್ಯಾಟ್, ಹಂಫ್ರಿ ಜೆನ್ನಿಂಗ್ಸ್ ಸೇರಿ 'ಲಂಡನ್ ಕ್ಯಾನ್ ಟೇಕ್ ಇಟ್' ಅನ್ನುವ ಸಣ್ಣ ಚಿತ್ರ ಮಾಡಿದರು. ಹತ್ತು ನಿಮಿಷವೂ ಇಲ್ಲ. ಸಂಜೆ ಜನ ಆಶ್ರಯದ ಜಾಗಗಳಿಗೆ ಹೋಗುತ್ತಾರೆ, ರಾತ್ರಿ ಊರು ಉರಿಯುತ್ತದೆ, ಬೆಳಗ್ಗೆ ಒಡೆದ ಗಾಜಿನ ಮೇಲೆ ಕಾಲಿಟ್ಟು ಕೆಲಸಕ್ಕೆ ಹೊರಡುತ್ತಾರೆ. ಮಾತು ಹೇಳಿದವರು ಕ್ವೆಂಟಿನ್ ರೆನಾಲ್ಡ್ಸ್ ಎಂಬ ಅಮೆರಿಕದ ವರದಿಗಾರ. ಬ್ರಿಟನ್ ಗೆಲ್ಲುತ್ತಿದೆ ಅಂತ ಆ ಚಿತ್ರ ಬಡಾಯಿ ಕೊಚ್ಚುವುದಿಲ್ಲ. ಮನೆಗಳು ಬಿದ್ದಿವೆ ಅಂತಲೇ ತೋರಿಸುತ್ತದೆ. ಅದು ಕೂಡ ಪ್ರಚಾರದ ಚಿತ್ರವೇ, ಸರ್ಕಾರ ಮಾಡಿಸಿದ್ದೇ, ಅಮೆರಿಕದವರ ಮನಸ್ಸು ಒಲಿಸಿಕೊಳ್ಳಬೇಕು ಅನ್ನೋ ಉದ್ದೇಶವೂ ಇತ್ತು. ಅದು ಬಿಟ್ಟ ಸಂಗತಿಗಳೂ ಇವೆ. ಸುರಂಗ ರೈಲಿನ ನಿಲ್ದಾಣಗಳಲ್ಲಿ ಮಲಗಲು ಮೊದಲಿಗೆ ಸರ್ಕಾರವೇ ಬಿಡಲಿಲ್ಲ, ಜನ ತಾವಾಗಿ ನುಗ್ಗಿ ಜಾಗ ಹಿಡಿದರು, ಅದೆಲ್ಲ ಚಿತ್ರದಲ್ಲಿಲ್ಲ. ಆದರೂ ಕಿಟಕಿಯಿಂದ ಹೊರಗೆ ನೋಡಿದರೆ ಕಾಣುವುದಕ್ಕೂ ಪರದೆ ಮೇಲೆ ಕಾಣುವುದಕ್ಕೂ ಹೊಂದಿಕೆ ಇತ್ತು. ಅದಕ್ಕೇ ಜನ ಒಪ್ಪಿಕೊಂಡರು.

ಈಗ ಜರ್ಮನಿಗೆ ಬನ್ನಿ. ಅಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಕೈಯಲ್ಲಿ ಇಲ್ಲದ್ದು ಯಾವುದು? ಸ್ಟುಡಿಯೊ, ಥಿಯೇಟರ್, ರೇಡಿಯೊ, ಪತ್ರಿಕೆ ಎಲ್ಲವೂ ಅವನ ಕೈಯಲ್ಲೇ. ಗೆಲುವು ಸಿಗುತ್ತಿದ್ದ ವರ್ಷಗಳಲ್ಲಿ ವಾರದ ನ್ಯೂಸ್‌ರೀಲ್, ಅಂದರೆ ಮುಖ್ಯ ಸಿನಿಮಾಕ್ಕೆ ಮೊದಲು ಹಾಕುವ ಸುದ್ದಿ ಚಿತ್ರ, ನೋಡಲು ಜನ ಮುಗಿಬೀಳುತ್ತಿದ್ದರು. 1943ರ ಫೆಬ್ರವರಿಯಲ್ಲಿ ರಷ್ಯಾದ ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೈನ್ಯವೇ ಶರಣಾಯಿತು. ಅಷ್ಟು ದಿನ ಗೆಲುವು ಗೆಲುವು ಅಂತ ಕೇಳಿದ್ದ ಜನ ಏನು ಮಾಡಿದರು? ನ್ಯೂಸ್‌ರೀಲ್ ಮುಗಿಯುವವರೆಗೆ ಥಿಯೇಟರಿನ ಹೊರಗೇ ನಿಂತು, ಮುಖ್ಯ ಚಿತ್ರ ಶುರುವಾದಾಗ ಒಳಗೆ ಬರತೊಡಗಿದರು. ನ್ಯೂಸ್‌ರೀಲ್ ಶುರುವಾದ ಮೇಲೆ ಬಾಗಿಲು ಹಾಕಿಬಿಡಿ, ತಡವಾಗಿ ಬಂದವರನ್ನು ಬಿಡಬೇಡಿ ಅಂತ ಗೋಬೆಲ್ಸ್ ಅಪ್ಪಣೆ ಮಾಡಬೇಕಾಯಿತು. ಬಾಗಿಲು ಹಾಕಿ ತೋರಿಸುವ ಸಿನಿಮಾದಿಂದ ಯಾರಿಗೆ ಧೈರ್ಯ ಬರುತ್ತದೆ ಹೇಳಿ.

ಅದೇ 1943ರಲ್ಲಿ ಅವನು 'ಕೋಲ್ಬರ್ಗ್' ಅನ್ನುವ ದೊಡ್ಡ ಬಣ್ಣದ ಚಿತ್ರಕ್ಕೆ ಆದೇಶ ಕೊಟ್ಟ. ನೆಪೋಲಿಯನ್ ಸೈನ್ಯ ಮುತ್ತಿಗೆ ಹಾಕಿದರೂ ಶರಣಾಗದ ಒಂದು ಊರಿನ ಕಥೆ, ನಿರ್ದೇಶಕ ಫೈಟ್ ಹಾರ್ಲಾನ್. ಯುದ್ಧದಲ್ಲಿ ಒಬ್ಬೊಬ್ಬ ಸೈನಿಕನೂ ಬೇಕಾಗಿದ್ದ ಹೊತ್ತಿನಲ್ಲಿ ಸಾವಿರಾರು ಸೈನಿಕರನ್ನು ಶೂಟಿಂಗಿಗೆ ಕರೆಸಿದರು. ಚಿತ್ರ ಮುಗಿದ ಮೇಲೆ ಸಾವು ನೋವು ಜಾಸ್ತಿ ಕಾಣುವ ದೃಶ್ಯಗಳನ್ನು ಗೋಬೆಲ್ಸ್ ಕತ್ತರಿಸಿ ಹಾಕಿಸಿದ, ಜನ ಹೆದರಬಾರದು ಅಂತ. 1945ರ ಜನವರಿ 30ರಂದು ಬಿಡುಗಡೆ ಆಯಿತು. ಬರ್ಲಿನ್‌ನಲ್ಲಿ ಆಗ ಎಷ್ಟೋ ಥಿಯೇಟರ್‌ಗಳೇ ಬಾಂಬಿಗೆ ಬಿದ್ದು ಹೋಗಿದ್ದವು. ಮಾರ್ಚ್ ತಿಂಗಳಲ್ಲಿ ನಿಜವಾದ ಕೋಲ್ಬರ್ಗ್ ಊರೇ ಸೋವಿಯತ್ ಮತ್ತು ಪೋಲಿಷ್ ಸೈನ್ಯದ ಕೈಗೆ ಹೋಯಿತು. ಆ ಸುದ್ದಿ ಸೈನ್ಯದ ದಿನದ ಪ್ರಕಟಣೆಯಲ್ಲಿ ಬರದ ಹಾಗೆ ಗೋಬೆಲ್ಸ್ ನೋಡಿಕೊಂಡ. ಒಂದು ಸುಳ್ಳನ್ನು ಉಳಿಸಲು ಇನ್ನೊಂದನ್ನು ಹೇಳುವುದು, ಅದನ್ನು ಉಳಿಸಲು ಮತ್ತೊಂದು, ಇದೇ ಅವರ ದಾರಿ ಆಗಿತ್ತು. ಹಿರಿಯರು ಕೇಳುತ್ತಿರುವುದು ಈ ದಾರಿಯನ್ನಲ್ಲ ಅಂತ ನನಗೆ ಗೊತ್ತು. ಆದರೆ ಒಂದಿಷ್ಟು ಸುಳ್ಳು ಇರಲಿ ಅಂತ ಶುರು ಮಾಡಿದರೆ ಎಲ್ಲಿ ನಿಲ್ಲಿಸುತ್ತೀರಿ?

ಅಮೆರಿಕದವರು ಹಾಲಿವುಡ್ಡಿನ ಫ್ರಾಂಕ್ ಕಾಪ್ರಾ ಅವರಿಂದ ಯುದ್ಧ ಯಾಕೆ ಮಾಡುತ್ತಿದ್ದೇವೆ ಅಂತ ಸೈನಿಕರಿಗೆ ತಿಳಿಸಲು ಏಳು ಚಿತ್ರಗಳ ಸರಣಿ ಮಾಡಿಸಿದರು. ಶತ್ರುಗಳ ಚಿತ್ರಗಳಿಂದಲೇ ದೃಶ್ಯ ತೆಗೆದು ಬೇರೆ ಮಾತು ಕೂರಿಸಿದರು, ಎಡಿಟಿಂಗ್ ಕಲಿಯುವವರು ನೋಡಲೇಬೇಕು. ಆಮೇಲೆ ಸೈನ್ಯವೇ ಕಾರ್ಲ್ ಹೋವ್ಲಂಡ್ ಅನ್ನುವ ಮನಶ್ಶಾಸ್ತ್ರಜ್ಞರ ತಂಡದಿಂದ ಪರೀಕ್ಷೆ ಮಾಡಿಸಿತು. ಸೈನಿಕರಿಗೆ ಯುದ್ಧದ ಬಗ್ಗೆ ಮಾಹಿತಿ ಚೆನ್ನಾಗಿ ತಿಳಿದಿತ್ತು, ಆದರೆ ಹೋರಾಡುವ ಉತ್ಸಾಹ ಅದರಿಂದ ಹೆಚ್ಚೇನೂ ಬದಲಾಗಿರಲಿಲ್ಲ. ಇಷ್ಟು ಒಳ್ಳೆ ಚಿತ್ರದಿಂದಲೇ ಆಗದ್ದು ಗೇಮ್ ವಿಡಿಯೊದಿಂದ ಆಗುತ್ತದಾ?

ನಮ್ಮ ಜಿಲ್ಲೆಯ ಕಥೆಗೆ ಬರುತ್ತೇನೆ, ಇದನ್ನು ಹೇಳುವ ಆಸೆ ನನಗೆ ಬಹಳ ಇದೆ.

ಸೊಲ್ಲಾಪುರ 1930ರಲ್ಲಿ ಮಾರ್ಷಲ್ ಲಾ ಕಂಡ ಊರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಈ ನಾಲ್ವರನ್ನು ಬ್ರಿಟಿಷರು ಗಲ್ಲಿಗೆ ಹಾಕಿದರು. ಸಂಕ್ರಾಂತಿಗೆ ಸಿದ್ಧರಾಮೇಶ್ವರ ಜಾತ್ರೆ ಬಂದಾಗ ನಮ್ಮ ಹಿರಿಯರು ಆ ಮಾತು ತೆಗೆಯದೆ ಇರುವುದಿಲ್ಲ. ಹತ್ತು ಹನ್ನೆರಡು ವರ್ಷದಲ್ಲಿ ಅದೇ ಬ್ರಿಟಿಷ್ ಸರ್ಕಾರ ಜಪಾನ್ ವಿರುದ್ಧ ಯುದ್ಧಕ್ಕೆ ನಮ್ಮ ಜನರ ಬೆಂಬಲ ಬೇಕು ಅಂತ ಸಿನಿಮಾ ಮಾಡಿಸಲು ಕೂತಿತು. 1940ರಲ್ಲಿ ಫಿಲ್ಮ್ ಅಡ್ವೈಸರಿ ಬೋರ್ಡ್, 1943ರಲ್ಲಿ ಇನ್‌ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ, ಜೊತೆಗೆ ಇಂಡಿಯನ್ ನ್ಯೂಸ್ ಪರೇಡ್ ಅನ್ನುವ ನ್ಯೂಸ್‌ರೀಲ್. ಥಿಯೇಟರಿನವರು ಪ್ರತಿ ಶೋದಲ್ಲೂ ಸರ್ಕಾರದ ಚಿತ್ರ ಹಾಕಲೇಬೇಕು ಅಂತ ಭಾರತ ರಕ್ಷಣಾ ನಿಯಮದಡಿ ಕಡ್ಡಾಯ ಮಾಡಿದರು, ಅದಕ್ಕೆ ಬಾಡಿಗೆಯನ್ನೂ ಅವರಿಂದಲೇ ಕಟ್ಟಿಸಿಕೊಂಡರು. ಮಾಡಿದವರಲ್ಲಿ ಒಳ್ಳೆ ಕಲಾವಿದರೂ ಇದ್ದರು. ಆದರೆ 1942ರ ಚಳವಳಿಯಲ್ಲಿ ನಾಯಕರೆಲ್ಲ ಜೈಲಿನಲ್ಲಿರುವಾಗ, ಜೈಲಿಗೆ ಹಾಕಿದವನೇ ಪರದೆ ಮೇಲೆ ಬಂದು ಧೈರ್ಯವಾಗಿರಿ ಅಂದರೆ ಯಾರು ಕೇಳುತ್ತಾರೆ? ಯುದ್ಧ ಮುಗಿದ ಮೇಲೆ 1946ರಲ್ಲಿ ಕೇಂದ್ರ ಶಾಸನಸಭೆ ಈ ಇನ್‌ಫರ್ಮೇಶನ್ ಫಿಲ್ಮ್ಸ್ ಘಟಕಕ್ಕೆ ಹಣವನ್ನೇ ನಿರಾಕರಿಸಿತು, ಅದು ಮುಚ್ಚಿಹೋಯಿತು.

ಆ ಕಾಲದಲ್ಲಿ ಕಚ್ಚಾ ಫಿಲ್ಮ್ ಸಿಗುವುದೇ ಕಷ್ಟ. ಒಂದು ಚಿತ್ರ 11 ಸಾವಿರ ಅಡಿ ಮೀರಬಾರದು ಅಂತ ಮಿತಿ ಇತ್ತು. ಆಮೇಲೆ ಲೈಸೆನ್ಸ್ ಬೇಕಾದರೆ ಯುದ್ಧಕ್ಕೆ ನೆರವಾಗುವ ಚಿತ್ರವನ್ನೂ ಮಾಡಿಕೊಡಬೇಕು ಅನ್ನುವ ಷರತ್ತು ಬಂತು. ವಿ. ಶಾಂತಾರಾಮ್ ಅವರು ಆ ಷರತ್ತಿಗೆ ಆರಿಸಿಕೊಂಡದ್ದು ಯಾರ ಕಥೆಯನ್ನು? ನಮ್ಮ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸ್ ಅವರದನ್ನು. 1910ರಲ್ಲಿ ಇಲ್ಲೇ ಹುಟ್ಟಿದವರು. ಜಪಾನ್ ದಾಳಿಯಲ್ಲಿ ನರಳುತ್ತಿದ್ದ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರು. ಉಳಿದ ನಾಲ್ವರು ವಾಪಸು ಬಂದರು, ಇವರು ಅಲ್ಲೇ ಉಳಿದು ಗಾಯಾಳುಗಳಿಗೆ ಆಪರೇಷನ್ ಮಾಡುತ್ತಾ, ಬೆಥ್ಯೂನ್ ಹೆಸರಿನ ಆಸ್ಪತ್ರೆ ನಡೆಸುತ್ತಾ 1942ರ ಡಿಸೆಂಬರ್ 9ರಂದು ತೀರಿಕೊಂಡರು. 32 ವರ್ಷ ಅಷ್ಟೇ. ಕೆ.ಎ. ಅಬ್ಬಾಸ್ ಬರೆದ ಪುಸ್ತಕದ ಮೇಲೆ ಮಾಡಿದ 'ಡಾ. ಕೋಟ್ನೀಸ್ ಕೀ ಅಮರ್ ಕಹಾನಿ' 1946ರಲ್ಲಿ ಬಂತು, ಶಾಂತಾರಾಮ್ ಅವರೇ ಕೋಟ್ನೀಸ್ ಆಗಿ ನಟಿಸಿದರು.

ಆ ಚಿತ್ರದಲ್ಲಿ ನಾಯಕ ಯುದ್ಧ ಗೆದ್ದು ಮನೆಗೆ ಬರುವುದಿಲ್ಲ. ಸಾಯುತ್ತಾನೆ. ಹೆಂಡತಿ ಮಗುವನ್ನು ಎತ್ತಿಕೊಂಡು ಉಳಿಯುತ್ತಾಳೆ. ಅಂಥ ಚಿತ್ರ ನೋಡಿದರೆ ಜನ ಕುಗ್ಗಬೇಕಿತ್ತು ಅಲ್ವಾ? ಕುಗ್ಗಲಿಲ್ಲ. ಸಿನಿಮಾ ಅಂದ ಮೇಲೆ ಹಾಡು, ಸೆಟ್ಟು, ಹೆಚ್ಚು ಕಮ್ಮಿ ಎಲ್ಲ ಇದೆ, ಆದರೆ ಅವರು ಹೋದದ್ದು ನಿಜ, ಸತ್ತದ್ದು ನಿಜ, ಆ ನಿಜದ ಮೇಲೆ ಚಿತ್ರ ನಿಂತಿದೆ. ಸೊಲ್ಲಾಪುರದ ಭೈಯಾ ಚೌಕದಲ್ಲಿ ಅವರ ಮನೆಯೇ ಈಗ ಸ್ಮಾರಕ. ಚೀನಾದಿಂದ ಬಂದವರೂ ಅಲ್ಲಿ ಕೈಮುಗಿದು ಹೋಗುತ್ತಾರೆ, ನಮ್ಮ ಕನ್ನಡ ಶಾಲೆಯ ಎಷ್ಟು ಮಕ್ಕಳು ನೋಡಿದ್ದಾರೋ ಗೊತ್ತಿಲ್ಲ.

1962ರ ಯುದ್ಧದ ಮೇಲೂ ನೋಡಿ. ನಾವು ಸೋತಿದ್ದೆವು. 1963ರ ಜನವರಿ 27ರಂದು ದಿಲ್ಲಿಯಲ್ಲಿ ಲತಾ ಮಂಗೇಶ್ಕರ್ ಹಾಡಿದ್ದು ಜಯಘೋಷದ ಹಾಡಲ್ಲ, ಸತ್ತ ಸೈನಿಕರನ್ನು ನೆನೆದು ಅಳುವ ಹಾಡು. ಮುಂದಿನ ವರ್ಷ ಚೇತನ್ ಆನಂದ್ ಲಡಾಖಿನಲ್ಲಿ ಹಿಂದೆ ಸರಿಯುವ ಸೈನಿಕರ ಮೇಲೆಯೇ 'ಹಕೀಕತ್' ಮಾಡಿದರು. ಸೋಲನ್ನು ಸೋಲು ಅಂತಲೇ ಹೇಳಿದರು, ಜನ ಅವನ್ನು ಎದೆಗೆ ಹಚ್ಚಿಕೊಂಡರು. ಕನ್ನಡದಲ್ಲಿ 1990ರ 'ಮುತ್ತಿನ ಹಾರ'ವನ್ನು ಈಗಲೂ ನೋಡಿ, ಒಬ್ಬ ಸೈನಿಕನ ಮನೆ ಏನೆಲ್ಲ ಕಳೆದುಕೊಳ್ಳುತ್ತದೆ ಅನ್ನೋದನ್ನು ಮುಚ್ಚಿಡದೆ ತೋರಿಸುತ್ತದೆ. ಅದನ್ನು ನೋಡಿ ಸೈನ್ಯದ ಮೇಲಿನ ಗೌರವ ಯಾರಿಗೆ ಕಮ್ಮಿ ಆಯಿತು?

ಜಪಾನಿನ ಒಂದು ಚಿತ್ರದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1944ರಲ್ಲಿ ಸೈನ್ಯಕ್ಕೆ ಬೇಕಾದ ಹಾಗೆ ಮಾಡಬೇಕಿದ್ದ ಚಿತ್ರ, ಹೆಸರೇ 'ರಿಕುಗುನ್', ಅಂದರೆ ಸೈನ್ಯ, ನಿರ್ದೇಶಕ ಕಿನೊಶಿತಾ. ಕೊನೆಗೆ ಮಗ ಯುದ್ಧಕ್ಕೆ ಹೊರಟ ಸೈನಿಕರ ಸಾಲಿನಲ್ಲಿ ನಡೆಯುತ್ತಿದ್ದಾನೆ. ಮನೆಯಲ್ಲಿದ್ದ ತಾಯಿಗೆ ಕಹಳೆಯ ಸದ್ದು ಕೇಳುತ್ತದೆ. ಎದ್ದು ಓಡುತ್ತಾಳೆ. ಜನರ ಗುಂಪಿನಲ್ಲಿ ನುಗ್ಗಿ, ಮಗನನ್ನು ಹುಡುಕಿ, ಅವನ ಪಕ್ಕ ಪಕ್ಕವೇ ಹೆಜ್ಜೆ ಹಾಕುತ್ತಾಳೆ, ಅಳುತ್ತಾಳೆ, ಹಿಂದೆ ಬೀಳುತ್ತಾಳೆ, ಮತ್ತೆ ಓಡುತ್ತಾಳೆ. ಹತ್ತಿರ ಹತ್ತಿರ ಮಾತೇ ಇಲ್ಲ. ಕ್ಯಾಮೆರಾ ಅವಳನ್ನು ಬಿಡುವುದೇ ಇಲ್ಲ. ಸೈನ್ಯದವರಿಗೆ ಕೋಪ ಬಂತು, ಯುದ್ಧ ಮುಗಿಯುವವರೆಗೆ ಕಿನೊಶಿತಾಗೆ ಮತ್ತೆ ಚಿತ್ರ ಮಾಡಲು ಆಗಲಿಲ್ಲ. ಅವರ ತಪ್ಪೇನು? ಮಗನನ್ನು ಕಳಿಸುವ ತಾಯಿ ನಗುತ್ತಾ ಕಳಿಸಬೇಕು ಅನ್ನೋದು ಆಜ್ಞೆ, ಅವರು ನಿಜವಾದ ತಾಯಿಯನ್ನು ತೋರಿಸಿದರು. ನಮ್ಮ ಸೊಲ್ಲಾಪುರ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ರಜೆ ಮುಗಿಸಿ ಹೊರಟ ಮಗನ ಬೋಗಿ ಜೊತೆ ನಡೆಯುವ ಅವ್ವಂದಿರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ತಾಯಂದಿರ ಧೈರ್ಯ ಕಡಿಮೆಯದ್ದಾ? ಅಳುತ್ತಲೇ ಕಳಿಸುತ್ತಾರೆ, ಕಳಿಸುತ್ತಲೇ ಇರುತ್ತಾರೆ.

ಪತ್ರಿಕೆಗಳ ಬಗ್ಗೆಯೂ ಒಂದು ಮಾತು, ಯಾಕೆಂದರೆ ಬರೆಯುತ್ತಿರುವುದು ನಿಮಗೆ. 1943ರಲ್ಲಿ ಬಂಗಾಳದಲ್ಲಿ ಜನ ಹಸಿವಿನಿಂದ ಲಕ್ಷಗಟ್ಟಲೆ ಸಾಯುವಾಗ ಬರ ಅಂತ ಬರೆಯಲೂ ಸರ್ಕಾರ ಬಿಡುತ್ತಿರಲಿಲ್ಲ, ಯುದ್ಧದ ಹೊತ್ತಲ್ಲಿ ಜನರ ಮನಸ್ಸು ಕೆಡಬಾರದು ಅನ್ನೋದೇ ಕಾರಣ. ಆಗಸ್ಟಿನಲ್ಲಿ ಕಲ್ಕತ್ತದ 'ಸ್ಟೇಟ್ಸ್‌ಮನ್' ಪತ್ರಿಕೆ ಬೀದಿಯಲ್ಲಿ ಬಿದ್ದವರ ಫೋಟೊಗಳನ್ನು ಅಚ್ಚು ಹಾಕಿತು. ಸಂಪಾದಕ ಇಯಾನ್ ಸ್ಟೀಫನ್ಸ್ ಇಂಗ್ಲಿಷಿನವರೇ, ಪತ್ರಿಕೆಯೂ ಬ್ರಿಟಿಷರದ್ದೇ. ಆ ಫೋಟೊಗಳಿಂದ ಯುದ್ಧ ಸೋಲಲಿಲ್ಲ. ಆದರೆ ಹೊರಗಿನ ಜಗತ್ತಿಗೆ ವಿಷಯ ತಿಳಿಯಿತು, ನೆರವಿಗೆ ಒತ್ತಡ ಬಂತು.

ಸೈನ್ಯ ಎಲ್ಲಿದೆ, ಎಷ್ಟಿದೆ, ಎಲ್ಲಿಗೆ ಹೊರಟಿದೆ ಅಂತ ಹೇಳಬೇಕು ಅನ್ನೋದು ನನ್ನ ಮಾತಲ್ಲ. ಅದನ್ನು ಹೇಳಲೇಬಾರದು. ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಗೊತ್ತಿಲ್ಲದಿದ್ದರೆ ಇನ್ನೂ ಗೊತ್ತಿಲ್ಲ ಅಂತ ಹೇಳಲು ಏನು ಕಷ್ಟ? ದೇಶಭಕ್ತಿಯ ಸಿನಿಮಾ ಮಾಡಬೇಡಿ ಅಂತಲೂ ನಾನು ಹೇಳುತ್ತಿಲ್ಲ. ಮಾಡಿ, ಹೆಚ್ಚು ಹೆಚ್ಚು ಮಾಡಿ. ಕಥೆ ಅಂದರೆ ಕಥೆ ಅಂತ ಹಾಕಿ, ನಿಜ ಅಂದರೆ ನಿಜ ಅಂತ ಹಾಕಿ.

ಹಾಗಾಗಿ ನಿಮ್ಮ ಪತ್ರಿಕೆಗೆ, ನಿಮ್ಮ ಮೂಲಕ ಕನ್ನಡ ಚಾನೆಲ್‌ಗಳಿಗೆ ನನ್ನ ಕೋರಿಕೆ ಇಷ್ಟು. ಯುದ್ಧದ ಹೊತ್ತಿನಲ್ಲಿ ಹಾಕುವ ಪ್ರತಿ ಫೋಟೊ, ಪ್ರತಿ ವಿಡಿಯೊ ಮೇಲೆ ಅದು ಎಲ್ಲಿಯದು, ಯಾವಾಗಿನದು, ಯಾರು ತೆಗೆದದ್ದು ಅಂತ ಹಾಕಿ. ಹಳೆಯದಾದರೆ ಹಳೆಯದು ಅಂತ ದೊಡ್ಡ ಅಕ್ಷರದಲ್ಲಿ ಹಾಕಿ, ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರ ಬೇಡ. ಮಾಡಿಸಿದ ದೃಶ್ಯವಾದರೆ ಅದು ಮುಗಿಯುವವರೆಗೂ ಪರದೆ ಮೇಲೆ ಆ ಮಾತು ಇರಲಿ. ಸುದ್ದಿಯ ಕೆಳಗೆ ಸಿನಿಮಾ ಮ್ಯೂಸಿಕ್ ಹಾಕಬೇಡಿ. ಮತ್ತು ತಪ್ಪು ಸುದ್ದಿ ಮೊದಲ ಪುಟದಲ್ಲಿ ಬಂದಿದ್ದರೆ ತಿದ್ದುಪಡಿಯೂ ಮೊದಲ ಪುಟದಲ್ಲೇ, ಅಷ್ಟೇ ದೊಡ್ಡದಾಗಿ ಬರಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಹಳ್ಳಿಗಳಲ್ಲಿ ಪತ್ರಿಕೆ ಓದುವವರು ಮೊದಲ ಪುಟ ಓದಿ ಪಕ್ಕದವರಿಗೆ ಕೊಡುತ್ತಾರೆ, ಏಳನೇ ಪುಟದ ಕೆಳಗಿನ ಎರಡು ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಓದುಗರಿಗೂ ಒಂದೆರಡು ಕೆಲಸದ ಮಾತು. ಮೊಬೈಲಿಗೆ ಯುದ್ಧದ ವಿಡಿಯೊ ಬಂದರೆ ಮುಂದೆ ಕಳಿಸುವ ಮೊದಲು ಒಂದು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ, ಗೂಗಲ್ ಲೆನ್ಸ್‌ನಲ್ಲಿ ಹಾಕಿ. ಹಳೆಯ ದೃಶ್ಯವಾದರೆ ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಸದ್ದು ಕೇಳಿ. ದೂರದ ಸ್ಫೋಟದಲ್ಲಿ ಬೆಳಕು ಮೊದಲು ಕಾಣಬೇಕು, ಸದ್ದು ಆಮೇಲೆ ಬರಬೇಕು. ಎರಡೂ ಒಟ್ಟಿಗೆ ಬಂದರೆ ಯಾರೋ ಕೂತು ಜೋಡಿಸಿದ್ದಾರೆ ಅಂತ ಅನುಮಾನ ಪಡಿ. ಗೇಮಿನ ವಿಡಿಯೊದಲ್ಲಿ ಬಹಳ ಸಲ ಹೊಗೆ ಒಂದೇ ಆಕಾರದಲ್ಲಿ ಮತ್ತೆ ಮತ್ತೆ ಏಳುತ್ತದೆ, ಕೆಳಗೆ ಓಡುವ ಮನುಷ್ಯರು ಕಾಣುವುದಿಲ್ಲ, ಭಯದಲ್ಲಿ ಕೂಗುವ ದನಿಯೂ ಇರುವುದಿಲ್ಲ. ಕತ್ತಲಲ್ಲಿ ತೆಗೆದ, ಮಸುಕಾದ, ಅಲುಗಾಡುವ ವಿಡಿಯೊ ಅಂದರೆ ಇನ್ನೂ ಜಾಸ್ತಿ ಎಚ್ಚರ ಬೇಕು, ತಪ್ಪು ಮುಚ್ಚಲು ಅದಕ್ಕಿಂತ ಸುಲಭದ ದಾರಿ ನಮ್ಮ ಕೆಲಸದಲ್ಲಿ ಇಲ್ಲ.

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳ ಕನ್ನಡ ಶಾಲೆಗಳ ಗುರುಗಳಿಗೆ ಇನ್ನೊಂದು ವಿನಂತಿ. ಎಂಟನೇ ಇಯತ್ತೆಯಿಂದ ಮೇಲಿನ ಮಕ್ಕಳನ್ನು ಒಂದು ಸಲ ಕೋಟ್ನೀಸ್ ಸ್ಮಾರಕಕ್ಕೆ ಕರೆದುಕೊಂಡು ಹೋಗಿ, ಬಂದ ಮೇಲೆ ಆ ಚಿತ್ರ ತೋರಿಸಿ, ಇದರಲ್ಲಿ ಯಾವುದು ನಡೆದದ್ದು, ಯಾವುದು ಸಿನಿಮಾಕ್ಕಾಗಿ ಸೇರಿಸಿದ್ದು ಅಂತ ಮಕ್ಕಳ ಬಾಯಿಂದಲೇ ಹೇಳಿಸಿ. ಪ್ರೊಜೆಕ್ಟರ್, ಸ್ಪೀಕರ್ ನನ್ನ ಹತ್ತಿರ ಇವೆ, ದುಡ್ಡು ಬೇಡ, ನಾನೇ ತಂದು ಹಾಕುತ್ತೇನೆ. ಹಾಗೆಯೇ ನಿಮ್ಮ ಪತ್ರಿಕೆಯ ನಮ್ಮ ಭಾಗದ ವರದಿಗಾರರಿಗೆ ಯಾವುದಾದರೂ ವಿಡಿಯೊ ಪರೀಕ್ಷೆ ಮಾಡಿಸಬೇಕಿದ್ದರೆ ಹೊತ್ತಲ್ಲದ ಹೊತ್ತಿನಲ್ಲೂ ಕಳಿಸಲಿ, ನೋಡಿ ಹೇಳುತ್ತೇನೆ. ವಿಳಾಸ, ಫೋನ್ ನಂಬರ್ ಪತ್ರದ ಜೊತೆ ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ, ಅದನ್ನು ಮಾತ್ರ ಅಚ್ಚು ಹಾಕಬೇಡಿ.

ಇತಿ,
ನಿಮ್ಮ ಖಾಯಂ ಓದುಗ, ವಿಡಿಯೊ ಎಡಿಟರ್
ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ